ಕಣ್ಣಿದ್ದವರ ಆಸ್ಪತ್ರೆ

“ಹಳ್ಳಿಯ ಕುರುಡನಿಗೆ ವೆಬ್‌ಸೈಟ್ ಯಾತಕ್ಕೆ ಸ್ವಾಮಿ?” ಹೀಗೆ ಕೇಳುವವರು ಅನಕ್ಷರಸ್ಥರಲ್ಲ, ಚೆನ್ನಾಗಿ ಓದಿದವರು. ಆಸ್ಪತ್ರೆಯ ಅರ್ಧಭಾಗ ಈಗ ವೆಬ್‌ಸೈಟಿನೊಳಗೆ ಹೋಗಿ ಕುಳಿತಿದೆ, ಅದಕ್ಕೆ. ಡಾಕ್ಟರು ಸಿಗುವ ದಿನ, ಪರೀಕ್ಷೆಯ ವರದಿ, ಯೋಜನೆಯ ಕಾರ್ಡು ಎಲ್ಲವೂ ಅಲ್ಲಿ. ಕೊಳ್ಳೇಗಾಲದ ಕಡೆಯ ಧನಗೆರೆಯಂಥ ಊರಿನಿಂದ ಚಾಮರಾಜನಗರದ ಅಥವಾ ಮೈಸೂರಿನ ದೊಡ್ಡಾಸ್ಪತ್ರೆಗೆ ಹೊರಟರೆ ಒಂದು ದಿನದ ಕೂಲಿ ಹೋಯಿತು. ಕಣ್ಣಿಲ್ಲದವರಾದರೆ ಜೊತೆಗೆ ಬಂದವರದೂ ಸೇರಿ ಎರಡು ಕೂಲಿ. ಡಾಕ್ಟರು ಇಂದು ಇದ್ದಾರೋ ಇಲ್ಲವೋ ಎಂದು ಮನೆಯಲ್ಲೇ ತಿಳಿದುಕೊಳ್ಳುವ ಅಗತ್ಯ ಬೆಂಗಳೂರಿನವರಿಗಿಂತ ಇವರಿಗೇ ಹೆಚ್ಚು. ಅದೂ ಬೇಡ, 2021ರ ಜೂನ್ 1ರಿಂದ ಅಂಗವೈಕಲ್ಯದ ಪ್ರಮಾಣಪತ್ರವನ್ನು ಯುಡಿಐಡಿ ಜಾಲತಾಣದ ಮೂಲಕವೇ ಕೊಡಬೇಕೆಂದು ಕೇಂದ್ರ ಸರಕಾರ ಕಡ್ಡಾಯ ಮಾಡಿದೆ. ‘ನನಗೆ ಕಣ್ಣಿಲ್ಲ’ ಎಂದು ಸರಕಾರಕ್ಕೆ ಹೇಳಬೇಕಾದರೂ ಮೊದಲು ಒಂದು ವೆಬ್‌ಸೈಟನ್ನು ದಾಟಬೇಕು!

ಕಣ್ಣಿಲ್ಲದವರು ಫೋನು ಬಳಸುವುದು ಹೇಗೆಂದು ಕೆಲವರಿಗೆ ಅಚ್ಚರಿ. ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶವಿದೆ. ಆಸ್ಟ್ರೇಲಿಯಾದ ಇಬ್ಬರು ಅಂಧ ಗೆಳೆಯರು 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಕಂಪ್ಯೂಟರಿನಲ್ಲಿ ಪುಕ್ಕಟೆಯಾಗಿ ಕನ್ನಡವನ್ನೂ ಓದುತ್ತದೆ. ಸಾಧಾರಣ ಆಂಡ್ರಾಯ್ಡ್ ಫೋನಿನಲ್ಲೂ ಟಾಕ್‌ಬ್ಯಾಕ್ ಇರುತ್ತದೆ. ಓದುವ ಯಂತ್ರ ಸಿದ್ಧವಿದೆ, ನಾವು ಅದಕ್ಕೆ ಓದಲು ಏನನ್ನೂ ಕೊಡುತ್ತಿಲ್ಲ. ಗುಂಡಿಗಳಿಗೆ ಹೆಸರಿಡದಿದ್ದರೆ ಅದು ‘ಬಟನ್, ಬಟನ್’ ಎಂದಷ್ಟೇ ಹೇಳುತ್ತದೆ. ಸೊಟ್ಟ ಅಕ್ಷರಗಳ ಕ್ಯಾಪ್ಚಾ ಬಂದರೆ ಆಟ ಮುಗಿಯಿತು. ಕನ್ನಡದ್ದು ಇನ್ನೊಂದು ಪಾಪ. ಸುತ್ತೋಲೆಯನ್ನು ಮುದ್ರಿಸಿ, ಸಹಿ ಹಾಕಿಸಿ, ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕುತ್ತಾರೆ. ಯಂತ್ರಕ್ಕೆ ಅದು ಬರೀ ಚಿತ್ರ. ಯುನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ್ದಾದರೆ, ಕಣ್ಣಿಗೆ ಕನ್ನಡವಾಗಿ ಕಂಡದ್ದು ಕಿವಿಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ.

ಇದು ಸಣ್ಣ ವಿಚಾರವಲ್ಲ. ಕೊರೋನಾದ ಎರಡನೇ ಅಲೆಯಲ್ಲಿ ಜನ ಉಸಿರಿಗಾಗಿ ಪರದಾಡುತ್ತಿದ್ದಾಗ ಲಸಿಕೆಗೆ ಕೋವಿನ್ ಜಾಲತಾಣದಲ್ಲಿ ಹೆಸರು ಬರೆಸಬೇಕಿತ್ತು. ದೃಷ್ಟಿಯಿಲ್ಲದವರಿಗೆ ಅದು ನಿಲುಕುವುದಿಲ್ಲ, ಕ್ಯಾಪ್ಚಾಕ್ಕೆ ಧ್ವನಿಯಿಲ್ಲ ಎಂದು 2021ರ ಮೇ 31ರಂದು ಸುಪ್ರೀಂ ಕೋರ್ಟೇ ಎತ್ತಿ ತೋರಿಸಬೇಕಾಯಿತು.

“ಯಾರಾದರೂ ಸಹಾಯ ಮಾಡುತ್ತಾರಲ್ಲ” ಎನ್ನುವುದು ಇನ್ನೊಂದು ವಾದ. ಮಾಡುತ್ತಾರೆ, ನಮ್ಮ ಜನ ಒಳ್ಳೆಯವರೇ. ಆದರೆ ಗರ್ಭದ ವಿಷಯ, ಮನೋರೋಗದ ಔಷಧ, ಎಚ್‌ಐವಿ ವರದಿಗಳನ್ನು ಪಕ್ಕದ ಮನೆಯ ಹುಡುಗನಿಂದ ಓದಿಸಿಕೊಳ್ಳಲಾದೀತೆ? ಗ್ರಾಮ ಒನ್ ಕೇಂದ್ರದ ಸರದಿಯಲ್ಲಿ ನಿಂತು ಒಟಿಪಿಯನ್ನು ಕೂಗಿ ಹೇಳುವ ಹೆಣ್ಣುಮಗಳಿಗೆ ಗುಟ್ಟು ಎಂಬುದಿರಬಾರದೆ? ಪರ್ದಾ, ಮರ್ಯಾದೆ ಎಂದು ಗಂಟೆಗಟ್ಟಲೆ ಭಾಷಣ ಮಾಡುವ ನಮ್ಮವರಿಗೂ ಇದು ಹೊಳೆದಿಲ್ಲ.

ಕಾನೂನಿಗೆ ಬರವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 46ನೇ ಕಲಮು ಸರಕಾರಿ, ಖಾಸಗಿ ಸೇವೆಗಳೆರಡಕ್ಕೂ ನಿಯಮ ಪ್ರಕಟವಾದ ಮೇಲೆ ಎರಡು ವರ್ಷದ ಗಡುವು ಕೊಟ್ಟಿತು. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಲೆಕ್ಕ ನೀವೇ ಹಾಕಿ. ಆ ನಿಯಮವೂ ಬರೀ ಸಲಹೆಯಂತಿದೆ, ಮೂರು ತಿಂಗಳಲ್ಲಿ ಕಡ್ಡಾಯದ ನಿಯಮ ಮಾಡಿ ಎಂದು 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ಹೇಳಿತು. 2025ರ ಏಪ್ರಿಲ್ 30ರಂದು, ಆಸಿಡ್ ದಾಳಿಗೊಳಗಾದ ಪ್ರಜ್ಞಾ ಪ್ರಸೂನ್ ಮತ್ತು ಅಂಧ ವಕೀಲ ಅಮರ್ ಜೈನ್ ಅವರ ಅರ್ಜಿಗಳಲ್ಲಿ, ಡಿಜಿಟಲ್ ಸೇವೆ ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದಿತು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವಿಕಲರು 13 ಲಕ್ಷಕ್ಕೂ ಹೆಚ್ಚು. ಅವರನ್ನು ‘ವಿಕಲಚೇತನರು’ ಎಂದು ಕರೆದು ನಾವು ನಮ್ಮ ಬೆನ್ನು ತಟ್ಟಿಕೊಂಡೆವು. ವೆಬ್‌ಸೈಟ್ ಮಾಡಿಕೊಟ್ಟ ಗುತ್ತಿಗೆದಾರನಿಗೆ, ಒಬ್ಬ ಅಂಧರು ಅದರಲ್ಲಿ ತಾವೇ ಚೀಟಿ ಮಾಡಿಸಿಕೊಂಡು ತೋರಿಸುವವರೆಗೆ ಕೊನೆಯ ಬಿಲ್ ಕೊಡಬೇಡಿ. ಮರುದಿನವೇ ಗುಂಡಿಗಳಿಗೆ ಹೆಸರು ಬರುತ್ತದೆ.

ನಮ್ಮ ಮನೆಯೊಳಗೂ ಸ್ವಲ್ಪ ಇಣುಕೋಣ. ಕುರೈಶರ ಮುಖಂಡರೊಂದಿಗೆ ಪ್ರವಾದಿಯವರು ಮಾತಿನಲ್ಲಿದ್ದಾಗ ಬಂದ ಅಂಧ ಅಬ್ದುಲ್ಲಾ ಇಬ್ನ್ ಉಮ್ಮ್ ಮಕ್ತೂಮ್‌ರ ಕಾರಣಕ್ಕೆ ‘ಅಬಸ’ ಅಧ್ಯಾಯ ಇಳಿಯಿತೆಂದು ಜುಮಾ ಬಯಾನಿನಲ್ಲಿ ಎಷ್ಟು ಸಲ ಕೇಳಿಲ್ಲ! ಆ ಬಯಾನು ಮುಗಿಸಿ ಹೊರಬರುವಷ್ಟರಲ್ಲಿ ನಮ್ಮ ಟ್ರಸ್ಟುಗಳ ಉಚಿತ ಆರೋಗ್ಯ ಶಿಬಿರದ ಸುದ್ದಿ ಮೊಬೈಲಿಗೆ ಬಂದಿರುತ್ತದೆ. ಹಸಿರು ಗುಮ್ಮಟ, ಅಧ್ಯಕ್ಷರ ಭಾವಚಿತ್ರ, ಉರ್ದು ಕನ್ನಡ ಎರಡರಲ್ಲೂ ತಾರೀಕು. ಕೆಳಗೆ ಅಕ್ಷರದಲ್ಲಿ ಒಂದು ಸಾಲೂ ಇಲ್ಲ. ಧನಗೆರೆಯ ಕಣ್ಣಿಲ್ಲದ ಮುದುಕರಿಗೆ ಆ ಫೋನು ಹೇಳುವುದು ಒಂದೇ ಮಾತು: ‘ಫೋಟೋ’.