ನೋಡುವುದಕ್ಕೂ ಒಂದು ಪಾಠ

ನಮ್ಮ ಎದುರುಮನೆಯ ರಾಯರು ಬ್ಯಾಂಕೊಂದರಲ್ಲಿ ಅಧಿಕಾರಿಗಳು. ವಯಸ್ಸು ಐವತ್ತೆರಡು. ಲೆಕ್ಕಪತ್ರಗಳ ಹೊರತು ಬೇರಾವ ಪತ್ರವನ್ನೂ ಅವರು ಪ್ರೀತಿಯಿಂದ ಓದಿದವರಲ್ಲವೆಂಬುದು ನಮ್ಮ ಬೀದಿಯವರೆಲ್ಲರ ನಂಬಿಕೆ. ಇಂಥ ರಾಯರು ಕೆಲವು ತಿಂಗಳ ಹಿಂದಿನಿಂದ ಪ್ರತಿ ಭಾನುವಾರವೂ ಬೆಳಗಿನ ಕಾಫಿ ಮುಗಿಸಿದವರೇ ಹೆಗಲಿಗೊಂದು ಬಟ್ಟೆಯ ಚೀಲ ಏರಿಸಿಕೊಂಡು ಹೊರಡತೊಡಗಿದರು. ಯೋಗಾಸನದ ತರಗತಿಯಿರಬೇಕೆಂದು ಕೆಲವರೆಂದರು. ಊರಾಚೆ ನಿವೇಶನ ನೋಡಲು ಹೋಗುತ್ತಿದ್ದಾರೆಂದು ಇನ್ನು ಕೆಲವರೆಂದರು. ರಹಸ್ಯ ಬಯಲಾದದ್ದು ಒಂದು ಸಂಜೆ, ಅವರ ಶ್ರೀಮತಿಯವರು ಹೆಪ್ಪಿಗೆ ಮೊಸರು ಕೇಳಲು ನಮ್ಮ ಮನೆಗೆ ಬಂದಾಗ.

“ನಾಟಕದ ಸ್ಕೂಲಿಗೆ ಸೇರಿದ್ದಾರೆ ಕಣ್ರೀ! ಮಗಳಿಗೆ ಗಂಡು ಹುಡುಕೋ ಕಾಲದಲ್ಲಿ ಇವರು ಅಲ್ಲಿ ಮರ ಆಗು ಅಂದ್ರೆ ಮರ ಆಗ್ತಾರಂತೆ, ಮಳೆ ಆಗು ಅಂದ್ರೆ ಮಳೆ ಆಗ್ತಾರಂತೆ. ಬೀಗರಾಗೋರ ಕಿವಿಗೆ ಬಿದ್ದರೆ ಏನು ಹೇಳೋಣ?”

ಮರುದಿನ ರಾಯರೇ ಸಿಕ್ಕಿದರು. ಸಂಕೋಚದಿಂದಲೇ ಕೇಳಿದೆ. ಅವರು ನಗಲಿಲ್ಲ, ನಾಚಲೂ ಇಲ್ಲ.

“ಮೇಷ್ಟ್ರೇ, ಮೂವತ್ತು ವರ್ಷದಿಂದ ನಾಟಕ ನೋಡ್ತಾ ಬಂದಿದ್ದೇನೆ. ಹೊರಗೆ ಬಂದ ಮೇಲೆ ‘ಚೆನ್ನಾಗಿತ್ತು’, ‘ಚೆನ್ನಾಗಿರಲಿಲ್ಲ’ ಅನ್ನೋ ಎರಡು ಮಾತು ಬಿಟ್ಟರೆ ಮೂರನೇದು ನನ್ನ ಬಾಯಿಗೆ ಬಂದಿಲ್ಲ. ನಿಮಗಾದರೆ ಎಲ್ಲ ಗೊತ್ತಿರುತ್ತೆ, ಎಂ.ಎ. ಓದಿದೋರು.”

ಈ ಕೊನೆಯ ಮಾತು ಪ್ರಶಂಸೆಯೆಂದೇ ಅವರು ಆಡಿದ್ದು. ಆದರೂ ಅದು ನನ್ನನ್ನು ಚುಚ್ಚಿತು. ಹತ್ತು ವರ್ಷಗಳಿಂದ ನಾನು ಕಾಲೇಜಿನಲ್ಲಿ ನಾಟಕಗಳನ್ನು ಪಾಠ ಹೇಳುತ್ತಿದ್ದೇನೆ. ಕುವೆಂಪು ಅವರ ‘ಬೆರಳ್‌ಗೆ ಕೊರಳ್’ ಕುರಿತು ವಿದ್ಯಾರ್ಥಿಗಳಿಗೆ ಟಿಪ್ಪಣಿ ಬರೆಯಿಸಿದ್ದೇನೆ. ‘ಏಕಲವ್ಯನ ಗುರುಭಕ್ತಿ’ ಎಂಬ ಶೀರ್ಷಿಕೆಯ ಕೆಳಗೆ ಐದು ಅಂಶಗಳು. ಆ ಐದೂ ಅಂಶಗಳನ್ನು ನಿದ್ದೆಯಲ್ಲಿಯೂ ಹೇಳಬಲ್ಲೆ. ಆದರೆ ನಾಟಕವೊಂದನ್ನು ನೋಡಿಬಂದ ಮೇಲೆ ನಾನೂ ಆಡುವುದು ರಾಯರ ಆ ಎರಡೇ ಮಾತುಗಳನ್ನಲ್ಲವೆ? ಮುಂದಿನ ಭಾನುವಾರ ನಾನೂ ಬರಬಹುದೇ ಎಂದು ಕೇಳಿದೆ. “ಬನ್ನಿ, ಹಿಂದೆ ಕೂತು ನೋಡಬಹುದು” ಎಂದರು.

ವಯಸ್ಕರು ಹೀಗೆ ವಾರಕ್ಕೊಮ್ಮೆ ನಾಟಕ ಕಲಿಯಲು ಕೂಡುವುದು ನಮ್ಮಲ್ಲಿ ಬಹಳ ಹಳೆಯ ಪದ್ಧತಿಯೇನಲ್ಲ. ಒಂದು ಕಾಲಕ್ಕೆ ನಾಟಕ ಕಲಿಯಬೇಕೆಂದರೆ ಕಂಪನಿ ಸೇರಬೇಕಾಗಿತ್ತು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥ ಮಂಡಲಿಗಳಲ್ಲಿ ಬಾಲಪಾತ್ರಗಳಿಂದ ಮೊದಲುಗೊಂಡು, ಊರಿಂದೂರಿಗೆ ತಿರುಗುತ್ತ, ಹಿರಿಯ ನಟರನ್ನು ಕಂಡು ಕೇಳಿ ಕಲಿಯುವುದೇ ವಿದ್ಯಾಭ್ಯಾಸ. ಗುಬ್ಬಿ ವೀರಣ್ಣನವರು ಬೆಳೆದುಬಂದದ್ದು ಆ ಬಗೆಯಿಂದಲೇ. ಆದರೆ ಅದು ಬದುಕನ್ನೇ ಬರೆದುಕೊಡುವ ವಿದ್ಯೆ. ಕಚೇರಿ, ಸಂಸಾರಗಳನ್ನು ಕಟ್ಟಿಕೊಂಡವನಿಗೆ ಅದು ದಕ್ಕುವಂಥದಲ್ಲ. ಬೆಂಗಳೂರಿನಲ್ಲಿ 1909ರಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಸ್ಥಾಪನೆಯಾಗಿ, ಓದಿದವರೂ ಉದ್ಯೋಗಸ್ಥರೂ ಹವ್ಯಾಸಕ್ಕೆಂದು ಬಣ್ಣ ಹಚ್ಚತೊಡಗಿದರು. ಆದರೆ ಹವ್ಯಾಸಿಗಳಿಗೆ ತಾಲೀಮೇ ಪಾಠಶಾಲೆ. ಪಾತ್ರ ಸಿಕ್ಕಿದವನಿಗೆ ಪಾಠವೂ ಸಿಕ್ಕಿತು, ಸಿಕ್ಕದವನು ಸಭೆಯಲ್ಲಿಯೇ ಉಳಿದನು.

ಈ ಕೊರತೆಯನ್ನು ಮನಗಂಡವರಲ್ಲಿ ಎ. ಎಸ್. ಮೂರ್ತಿಯವರು ಒಬ್ಬರು. ಆಕಾಶವಾಣಿಯ ‘ಈರಣ್ಣ’ನಾಗಿ ಮನೆಮನೆಗೂ ಪರಿಚಿತರಾಗಿದ್ದ ಅವರು 1981ರಲ್ಲಿ ಬೆಂಗಳೂರಿನಲ್ಲಿ ‘ಅಭಿನಯ ತರಂಗ’ವೆಂಬ ನಾಟಕಶಾಲೆಯನ್ನು ಆರಂಭಿಸಿದರು. ತರಗತಿಗಳು ಭಾನುವಾರದಂದು. ದುಡಿಯುವವನಿಗೆ ಬಿಡುವಿರುವುದು ಅಂದೇ ತಾನೆ? ವಾರದ ಆರು ದಿನ ಹೊಟ್ಟೆಗೆ ಮೀಸಲಿಟ್ಟವನಿಗೂ ಏಳನೆಯ ದಿನ ವಿದ್ಯಾರ್ಥಿಯಾಗುವ ಹಕ್ಕಿದೆಯೆಂಬುದನ್ನು ಈ ಶಾಲೆ ತೋರಿಸಿಕೊಟ್ಟಿತು. ಮೂರ್ತಿಯವರು 2012ರಲ್ಲಿ ತೀರಿಕೊಂಡರು. ಬಿಡುವಿನ ದಿನದಲ್ಲಿ ನಾಟಕ ಕಲಿಸುವ ಇಂಥ ತರಗತಿಗಳು ಈಗ ಹೊಸತೆನ್ನಿಸುವುದಿಲ್ಲ.

ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನಡೆದದ್ದು ಇನ್ನೊಂದು ಬಗೆ. ಅಲ್ಲಿಯ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಎಂದರೆ ನೀನಾಸಮ್, 1949ರಲ್ಲಿ ಹಳ್ಳಿಯ ಹವ್ಯಾಸಿ ಸಂಘವಾಗಿ ಹುಟ್ಟಿತು. ಕೆ. ವಿ. ಸುಬ್ಬಣ್ಣನವರ ಮುಂದಾಳುತನದಲ್ಲಿ ಅದು 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆದು ನಟರನ್ನು ತಯಾರುಮಾಡಿತು. 1985ರಲ್ಲಿ ‘ತಿರುಗಾಟ’ವನ್ನು ಆರಂಭಿಸಿ ನಾಟಕಗಳನ್ನು ಊರೂರಿಗೆ ಒಯ್ದಿತು. ಆದರೆ ನನಗೆ ಹೆಚ್ಚು ಸೋಜಿಗವೆನಿಸುವುದು ಅದು ನಟರಲ್ಲದವರಿಗಾಗಿ ಮಾಡಿದ ಕೆಲಸ. ಮೊದಲು ಚಲನಚಿತ್ರಗಳನ್ನು ಅರಿತು ನೋಡುವ ಶಿಬಿರ, ಅನಂತರ ಸಾಹಿತ್ಯ ನಾಟಕಗಳನ್ನೆಲ್ಲ ಒಳಗೊಂಡ ಸಂಸ್ಕೃತಿ ಶಿಬಿರ. ಉಪಾಧ್ಯಾಯರು, ಗೃಹಿಣಿಯರು, ಕೃಷಿಕರು, ವಿದ್ಯಾರ್ಥಿಗಳು ಒಂದೆಡೆ ಕುಳಿತು, ನಾಟಕ ನೋಡಿ, ನೋಡಿದ್ದನ್ನು ಮರುದಿನ ಚರ್ಚಿಸುವ ಏರ್ಪಾಡು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ನಟನಿಗೆ ಶಿಕ್ಷಣವೆಷ್ಟು ಮುಖ್ಯವೋ ನೋಡುವವನಿಗೂ ಅಷ್ಟೇ ಮುಖ್ಯವೆಂಬ ಮಾತನ್ನು ಒಂದು ಪುಟ್ಟ ಹಳ್ಳಿ ಕೃತಿಯಲ್ಲಿ ತೋರಿಸಿತೆಂಬುದು ಅಲ್ಪ ವಿಷಯವಲ್ಲ.

ಭರತನ ನಾಟ್ಯಶಾಸ್ತ್ರ ಇದನ್ನು ಅಂದೇ ಗಮನಿಸಿತ್ತು. ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕಗಳೆಂಬ ನಾಲ್ಕು ಬಗೆಯ ಅಭಿನಯವನ್ನು ನಟನಿಗೆ ವಿಧಿಸಿದ ಆ ಗ್ರಂಥ, ಇಪ್ಪತ್ತೇಳನೆಯ ಅಧ್ಯಾಯದಲ್ಲಿ ಪ್ರೇಕ್ಷಕನನ್ನೂ ನಿಲ್ಲಿಸಿ ಪರೀಕ್ಷಿಸುತ್ತದೆ. ಪಾತ್ರ ಹಿಗ್ಗಿದಾಗ ಹಿಗ್ಗಬಲ್ಲವನು, ಕುಗ್ಗಿದಾಗ ಕುಗ್ಗಬಲ್ಲವನು ನಿಜವಾದ ಪ್ರೇಕ್ಷಕನೆಂಬುದು ಅದರ ಆಶಯ. ತರುಣನಿಗೆ ಮೆಚ್ಚುವುದು ಒಂದು, ಮುದುಕನಿಗೆ ಮೆಚ್ಚುವುದು ಇನ್ನೊಂದು ಎಂಬ ಲೋಕಾನುಭವವೂ ಅಲ್ಲಿದೆ. ಟಿಕೆಟು ಕೊಂಡವರೆಲ್ಲ ಪ್ರೇಕ್ಷಕರೆಂದು ಭರತನು ಒಪ್ಪಿದವನಲ್ಲ.

ಇನ್ನು ರಾಯರ ತರಗತಿಗೆ ಬರೋಣ. ಬಡಾವಣೆಯ ಶಾಲೆಯೊಂದರ ಸಭಾಂಗಣ. ಸುಮಾರು ಇಪ್ಪತ್ತು ಮಂದಿ. ಒಬ್ಬರು ಔಷಧದಂಗಡಿಯವರು, ಇಬ್ಬರು ಕಂಪ್ಯೂಟರಿನ ಉದ್ಯೋಗಸ್ಥರು, ಒಬ್ಬ ಬಸ್ ನಿರ್ವಾಹಕ, ಕೆಲವರು ಗೃಹಿಣಿಯರು. ಎಲ್ಲರಿಗಿಂತ ಹಿರಿಯರೆಂದರೆ ನಿವೃತ್ತ ಶಾಲಾ ಉಪಾಧ್ಯಾಯಿನಿಯೊಬ್ಬರು, ಅರವತ್ತನ್ನು ದಾಟಿದವರು. ಎಲ್ಲರೂ ಅವರನ್ನು ‘ಟೀಚರಮ್ಮ’ ಎನ್ನುತ್ತಿದ್ದರು. ಬಾಲ್ಯದಲ್ಲಿ ಶಾಲೆಯ ವಾರ್ಷಿಕೋತ್ಸವದ ನಾಟಕಕ್ಕೆ ಆಯ್ಕೆಯಾಗಿದ್ದರಂತೆ. ಹೆಣ್ಣುಮಗಳು ರಂಗದ ಮೇಲೆ ನಿಂತರೆ ನಾಳೆ ಸಂಬಂಧ ಬೆಳೆಸುವವರಾರು ಎಂದು ತಂದೆ ಬಿಡಿಸಿದರಂತೆ. ಇಷ್ಟಕ್ಕೂ, ಮೈಸೂರಿನ ಆರ್. ನಾಗರತ್ನಮ್ಮನವರು 1958ರಲ್ಲಿಯೇ ‘ಸ್ತ್ರೀ ನಾಟಕ ಮಂಡಲಿ’ಯನ್ನು ಕಟ್ಟಿ, ಕಂಸ, ರಾವಣರ ಪಾತ್ರಗಳನ್ನು ಹೆಂಗಸರೇ ವಹಿಸಿ ಮೆಚ್ಚುಗೆ ಗಳಿಸಿದ್ದ ನಾಡು ನಮ್ಮದು. ಒಬ್ಬರ ಧೈರ್ಯ ಎಲ್ಲರ ಮನೆಯ ಹೊಸ್ತಿಲನ್ನೂ ದಾಟಲು ಎಷ್ಟೋ ಕಾಲ ಬೇಕಾಗುತ್ತದೆ.

ಮೊದಲ ಗಂಟೆ ಉಸಿರಾಟ, ಸ್ವರ, ನಡಿಗೆಗಳ ಅಭ್ಯಾಸ. ಅನಂತರ ಕನ್ನಡಿಯ ಆಟ: ಇಬ್ಬರು ಎದುರುಬದುರು ನಿಂತು, ಒಬ್ಬನ ಚಲನೆಯನ್ನು ಇನ್ನೊಬ್ಬನು ಬಿಂಬದಂತೆ ಅನುಸರಿಸಬೇಕು. ನೋಡಲು ಮಕ್ಕಳಾಟ. ಆದರೆ ಎದುರಿನವನನ್ನು ಒಂದು ಕ್ಷಣವೂ ಬಿಡದೆ ನೋಡಿದ ಹೊರತು ಅದು ಸಾಧ್ಯವಾಗದು. ನಟನೆಯೆಂದರೆ ತಾನು ಮಾಡಿ ತೋರಿಸುವುದು ಎಂದುಕೊಂಡಿದ್ದ ನನಗೆ, ಅದರಲ್ಲಿ ಅರ್ಧಪಾಲು ಇನ್ನೊಬ್ಬರನ್ನು ಗಮನಿಸುವುದು ಎಂಬುದು ಆಗ ಹೊಳೆಯಿತು.

ಆಮೇಲೆ ಶಿಕ್ಷಕರು ಒಂದು ಕೆಲಸ ಕೊಟ್ಟರು. ಅವರು ನನಗಿಂತ ಕಿರಿಯ ತರುಣರು.

“ಏಕಲವ್ಯನ ಕಥೆ ಎಲ್ಲರಿಗೂ ಗೊತ್ತು. ಪುಸ್ತಕ ಬೇಡ. ದ್ರೋಣ ಬೆರಳು ಕೇಳಬೇಕು, ಏಕಲವ್ಯ ಕೊಡ್ತೀನಿ ಅನ್ನಬೇಕು. ಎರಡೇ ಮಾತು. ಆ ಎರಡರ ನಡುವೆ ಎಷ್ಟು ಹೊತ್ತು ಹಿಡಿಯುತ್ತೆ, ಅದನ್ನು ನೀವು ಹುಡುಕಿ.”

ಮೊದಲ ಜೋಡಿ ತರುಣರದು. ಗುರು ಕೇಳುವುದೇ ತಡ, ಶಿಷ್ಯನು ಎದೆಯುಬ್ಬಿಸಿ ಕೈ ಚಾಚಿದನು. ಚಪ್ಪಾಳೆ ಬಿತ್ತು. ಶಿಕ್ಷಕರು ಮೆಲ್ಲನೆ, “ಆ ಬೆರಳು ಯಾರದಪ್ಪ? ಪಕ್ಕದ ಮನೆಯವರದು ಕೊಟ್ಟ ಹಾಗಿತ್ತು” ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ನನ್ನ ಐದು ಅಂಶಗಳ ಟಿಪ್ಪಣಿಯಲ್ಲಿಯೂ ಏಕಲವ್ಯನು ಹೀಗೆಯೇ ಕೈ ಚಾಚಿದ್ದನು.

ಎರಡನೆಯ ಜೋಡಿ ರಾಯರು ಮತ್ತು ಟೀಚರಮ್ಮ. ರಾಯರೇ ದ್ರೋಣ. ಟೀಚರಮ್ಮ ನೆಲದ ಮೇಲೆ ಕುಳಿತು, ಗುರುವನ್ನು ಕಂಡ ಸಂತೋಷದಿಂದ ಮುಖವೆತ್ತಿ ನೋಡುತ್ತಿದ್ದರು. ರಾಯರು ಬೆರಳು ಕೇಳಿದರು. ಆಕೆಯ ಮುಖದ ನಗೆ ತಕ್ಷಣ ಮಾಯವಾಗಲಿಲ್ಲ. ಮಾತು ಇನ್ನೂ ಒಳಗಿಳಿದಿಲ್ಲವೆಂಬಂತೆ ಹಾಗೆಯೇ ನಿಂತಿತ್ತು. ಅನಂತರ ಕಣ್ಣು ತಮ್ಮ ಬಲಗೈಯ ಕಡೆಗೆ ಹೋಯಿತು. ಹೆಬ್ಬೆರಳೂ ತೋರುಬೆರಳೂ ತಮಗೆ ತಾವೇ ಕೂಡಿಕೊಂಡವು. ಅವು ಬಾಣವನ್ನು ಹಿಡಿದಿರಲಿಲ್ಲ, ಸೀಮೆಸುಣ್ಣವನ್ನು ಹಿಡಿದಿದ್ದವು. ಒಂದು ಆಯುಸ್ಸಿನ ಉದ್ಯೋಗವೆಲ್ಲ ಆ ಎರಡು ಬೆರಳುಗಳ ನಡುವೆ ಕಾಣಿಸಿತು. ಬಳಿಕ ಮೆಲ್ಲನೆ ಕೈಯನ್ನು ಮುಂದಕ್ಕೆ ನೀಡಿದರು. ದ್ರೋಣನಾಗಿದ್ದ ರಾಯರಿಗೆ ಅದನ್ನು ನೋಡಲಾಗಲಿಲ್ಲ; ತಲೆ ತಗ್ಗಿಸಿದರು.

ಎಣಿಸಿದ್ದರೆ ಅರ್ಧ ನಿಮಿಷವೂ ಆಗಿರಲಾರದು. ಚಪ್ಪಾಳೆಯೂ ಬೀಳಲಿಲ್ಲ. ಹತ್ತು ವರ್ಷ ನಾನು ಪಾಠ ಹೇಳಿದ ಕಥೆಯಲ್ಲಿ ಇಂಥದೊಂದು ಅರ್ಧ ನಿಮಿಷವಿದೆಯೆಂಬುದೇ ನನಗೆ ತಿಳಿದಿರಲಿಲ್ಲ. ಅಚ್ಚಾದ ಪುಟದಲ್ಲಿ ಗುರುವಿನ ಮಾತಿನ ಕೆಳಗೆ ಶಿಷ್ಯನ ಮಾತು ಬರುತ್ತದೆ. ನಡುವೆ ಉಳಿಯುವ ಬಿಳಿಯ ಗೆರೆಯನ್ನು ಯಾವ ಪರೀಕ್ಷೆಯಲ್ಲಿಯೂ ನಾವು ಕೇಳುವುದಿಲ್ಲ.

ಇಂಥ ತರಗತಿಗಳನ್ನು ಕುರಿತು ಎರಡು ಆಕ್ಷೇಪಗಳು ಕೇಳಿಬರುತ್ತವೆ. ರಸಿಕನಿಗೆ ಪಾಠವೇಕೆ, ತಿಳಿವಳಿಕೆ ಹೆಚ್ಚಿದರೆ ಆನಂದ ಕುಗ್ಗುವುದಿಲ್ಲವೆ ಎಂಬುದೊಂದು. ನಾನು ಕಂಡಮಟ್ಟಿಗೆ ಸಂಗತಿ ತಿರುಗುಮುರುಗಾಗಿದೆ. ಹಿಂದೆ ರಾಯರು ನಾಟಕದ ನಡುವೆ ಎರಡು ಸಾರಿ ಗಡಿಯಾರ ನೋಡುತ್ತಿದ್ದವರು. ಈಗ ಮಾತಾಡುವ ಪಾತ್ರವನ್ನು ಬಿಟ್ಟು ಕೇಳುತ್ತಿರುವ ಪಾತ್ರವನ್ನು ನೋಡುತ್ತ ಮೈಮರೆಯುತ್ತಾರೆ. ಇನ್ನೊಂದು ಆಕ್ಷೇಪ ಹಣದಾಸೆಯ ಶಾಲೆಗಳ ವಿಷಯ. ಮೂರು ತಿಂಗಳಲ್ಲಿ ಧಾರಾವಾಹಿಯ ನಾಯಕನನ್ನಾಗಿ ಮಾಡುತ್ತೇವೆಂದು ಸಾರುವವರೂ ಇದ್ದಾರೆ. ಈ ಆಕ್ಷೇಪ ನ್ಯಾಯವಾದದ್ದೇ. ಸೇರುವ ಮೊದಲು ಒಂದು ದಿನ ಹಿಂದೆ ಕುಳಿತು ನೋಡಲು ಬಿಡುತ್ತಾರೆಯೇ ಎಂದು ಕೇಳುವುದು ಒಳ್ಳೆಯ ಪರೀಕ್ಷೆ. ಕೀರ್ತಿಯ ಮಾತನ್ನೇ ಆಡುವ ಕಡೆ ವಿದ್ಯೆ ಕಡಿಮೆಯೆಂದು ತಿಳಿದರೆ ತಪ್ಪಾಗದು.

ಇಷ್ಟರಲ್ಲಿ ರಾಯರ ಮನೆಯಲ್ಲಿ ಒಂದು ಸಂಗತಿ ನಡೆಯಿತು. ಅವರ ಅನುಮತಿ ಪಡೆದೇ ಬರೆಯುತ್ತಿದ್ದೇನೆ. ಮಗಳಿಗೆ ಒಂದು ಒಳ್ಳೆಯ ಸಂಬಂಧ ಕೂಡಿಬಂದಿತ್ತು. ಹುಡುಗ ಸುಶಿಕ್ಷಿತ, ಮನೆತನ ದೊಡ್ಡದು. ಮಗಳನ್ನು ಕೇಳಿದಾಗ ‘ಹೂಂ’ ಎಂದಿದ್ದಳು. ಮಾತು ಮುಂದುವರಿಯುವುದೆಂದು ನಾವೆಲ್ಲ ಎಣಿಸಿದ್ದಾಗ ಅದು ನಿಂತುಹೋಯಿತು. ಒಂದು ಸಂಜೆ ಗೇಟಿನ ಬಳಿ ರಾಯರು ತಾವಾಗಿಯೇ ಹೇಳಿದರು:

“ಮೇಷ್ಟ್ರೇ, ಅವಳು ಹೂಂ ಅಂದದ್ದು ನನಗೆ ಕೇಳಿಸಿತ್ತು. ಆದರೆ ಹೂಂ ಅನ್ನೋಕೆ ಮೊದಲು ಎಷ್ಟು ಹೊತ್ತು ಸುಮ್ಮನಿದ್ದಳು, ಅದೂ ಈ ಸಲ ಕೇಳಿಸಿತು. ರಾತ್ರಿ ಕೂರಿಸಿಕೊಂಡು ಮತ್ತೆ ಕೇಳಿದೆ. ಇನ್ನೆರಡು ವರ್ಷ ಓದಬೇಕಂತೆ. ನಮ್ಮಿಬ್ಬರ ಮುಖ ನೋಡಿ ಒಪ್ಪಿಕೊಂಡಿದ್ದಳು ಅಷ್ಟೆ.”

“ಮನೆಯಲ್ಲಿ ಏನಂದರು?” ಎಂದೆ.

“ಮೊದಲು ರೇಗಿದಳು. ಆಮೇಲೆ, ‘ನನ್ನನ್ನೂ ಆಗ ಯಾರಾದರೂ ಎರಡನೇ ಸಲ ಕೇಳಿದ್ದರೆ ಚೆನ್ನಾಗಿರ್ತಿತ್ತು’ ಅಂದಳು. ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ದೇನೆ ಮೇಷ್ಟ್ರೇ, ಈ ಮಾತು ಕೇಳಿದ್ದು ಮೊನ್ನೆ.”

ಇದಕ್ಕೆ ಏನು ಹೇಳಬೇಕೋ ನನಗೆ ತೋಚಲಿಲ್ಲ. ಸುಮ್ಮನೆ ನಿಂತೆವು.

ಆ ವಾರ ತರಗತಿಯಲ್ಲಿ ಏಕಲವ್ಯನ ಪಾಠ ಬಂದಾಗ ನಾನು ಟಿಪ್ಪಣಿಯನ್ನು ಮೇಜಿನ ಮೇಲಿಟ್ಟು, ಗುರು ಬೆರಳನ್ನು ಕೇಳಿದ ಮೇಲೆ ಶಿಷ್ಯನು ಎಷ್ಟು ಹೊತ್ತು ಸುಮ್ಮನಿದ್ದನೆಂದು ವಿದ್ಯಾರ್ಥಿಗಳನ್ನು ಕೇಳಿದೆ. ಮುಂದಿನ ಬೆಂಚಿನ ಹುಡುಗ, “ಇದು ಪರೀಕ್ಷೆಗೆ ಬರುತ್ತಾ ಸಾರ್?” ಎಂದನು. ಇಲ್ಲವೆಂದೆ. ಕೊನೆಯ ಬೆಂಚಿನಲ್ಲಿ, ವರ್ಷವಿಡೀ ಬಾಯಿ ತೆರೆಯದ ಹುಡುಗಿಯೊಬ್ಬಳು ತಲೆಯೆತ್ತಿ ನೋಡಿದಳು. ಅವಳು ಉತ್ತರ ಹೇಳುವವರೆಗೂ ನಾನು ಕಾದೆ.