ಗೊತ್ತಿಲ್ಲ ಅಂದ್ರೆ ಸೊನ್ನೆ ಅಲ್ಲ ಸ್ವಾಮಿ

ಬ್ರಿಟನ್ನಿನ ವಿಶ್ವವಿದ್ಯಾಲಯಗಳು ಆಗಾಗ ಒಂದು ಬಗೆಯ ಸಂಶೋಧನಾ ಹುದ್ದೆಗೆ ಅರ್ಜಿ ಕರೆಯುತ್ತವೆ. ಮ್ಯಾಂಚೆಸ್ಟರ್ ಮೆಟ್ರೊಪಾಲಿಟನ್, ರೆಡಿಂಗ್, ಲಂಡನ್ನಿನ ಇಂಪೀರಿಯಲ್ ಕಾಲೇಜು ಈ ವಿಷಯದಲ್ಲಿ ಹೆಸರು ಮಾಡಿದ ಜಾಗಗಳು. ಕೆಲಸ ಏನಪ್ಪಾ ಅಂದ್ರೆ, ವಿಮಾನಗಳು ಭೂಮಿಯನ್ನು ಎಷ್ಟು ಬಿಸಿ ಮಾಡುತ್ತಿವೆ ಅಂತ ಕಂಪ್ಯೂಟರಿನಲ್ಲಿ ಮಾಡೆಲ್ ಕಟ್ಟಿ ಲೆಕ್ಕ ಹಾಕುವುದು. ಪಿಎಚ್‌ಡಿ ಆಗಿರಬೇಕು, ಭೌತಶಾಸ್ತ್ರ ಗೊತ್ತಿರಬೇಕು, ಕೋಡ್ ಬರೆಯೋಕೂ ಬರಬೇಕು. ಇಷ್ಟೆಲ್ಲ ಇದ್ದವರಿಗೆ ಸಾಮಾನ್ಯವಾಗಿ ಸಿಗುವುದು ಎರಡು ಮೂರು ವರ್ಷದ ಗುತ್ತಿಗೆ.

ನಮ್ಮ ಐಟಿ ಬಳಗದಲ್ಲಿ ಇಂಥ ಕೆಲಸದ ಮಾತು ಬಂದರೆ ಎರಡು ಡೈಲಾಗ್ ಗ್ಯಾರಂಟಿ. ಒಂದು, "ಮೋಡ ಎಣಿಸೋಕೆ ಪಿಎಚ್‌ಡಿ ಬೇಕಾ ಗುರೂ?" ಇನ್ನೊಂದು, "ಎಲ್ಲಾ ಅಂದಾಜು ಲೆಕ್ಕ. ಮೊದಲು ನಿಖರವಾಗಿ ಗೊತ್ತಾಗಲಿ, ಆಮೇಲೆ ನೋಡೋಣ." ಮೊದಲನೆಯದಕ್ಕೆ ನಕ್ಕು ಸುಮ್ಮನಾಗಬಹುದು. ಎರಡನೆಯದರ ಮೇಲೆ ನನಗೆ ಜಗಳ ಇದೆ.

ಮೊದಲು ಮೋಡದ ವಿಷಯ. ವಿಮಾನದ ಎಂಜಿನ್ನಿನಿಂದ ಇಂಗಾಲದ ಡೈಆಕ್ಸೈಡ್ ಮಾತ್ರ ಬರಲ್ಲ, ನೀರಾವಿ ಮತ್ತು ಮಸಿಯ ಕಣಗಳೂ ಬರುತ್ತವೆ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಉಷ್ಣಾಂಶ ಸಾಮಾನ್ಯವಾಗಿ ಮೈನಸ್ 40 ಡಿಗ್ರಿಗಿಂತ ಕೆಳಗಿರುತ್ತೆ. ಆ ಚಳಿಯಲ್ಲಿ ನೀರಾವಿ ಮಸಿಯ ಸುತ್ತ ಹೆಪ್ಪುಗಟ್ಟಿ ನಾವು ಚಿಕ್ಕಂದಿನಲ್ಲಿ ಬಾಯಿಬಿಟ್ಟು ನೋಡುತ್ತಿದ್ದ ಬಿಳಿ ಗೆರೆ ಆಗುತ್ತೆ. ಸುತ್ತಲ ಗಾಳಿ ಒಣಗಿದ್ದರೆ ಗೆರೆ ಕ್ಷಣಗಳಲ್ಲಿ ಮಾಯ. ತೇವ ಜಾಸ್ತಿ ಇದ್ದರೆ ಗಂಟೆಗಟ್ಟಲೆ ಉಳಿದು, ಹರಡಿ, ತೆಳ್ಳನೆಯ ಮೋಡವಾಗುತ್ತೆ. ಹಗಲಲ್ಲಾದರೆ ಅದು ಒಂದಷ್ಟು ಬಿಸಿಲನ್ನು ವಾಪಸ್ ಕಳಿಸುತ್ತೆ. ರಾತ್ರಿ ಆ ಕೆಲಸವೂ ಇಲ್ಲ, ಬರೀ ಭೂಮಿಯ ಶಾಖ ಹೊರಹೋಗದಂತೆ ಕಂಬಳಿ ಹೊದಿಸುವುದಷ್ಟೇ.

ಈ ಕಂಬಳಿ ಎಷ್ಟು ದಪ್ಪ? ಮ್ಯಾಂಚೆಸ್ಟರ್ ಮೆಟ್ರೊಪಾಲಿಟನ್‌ನ ಡೇವಿಡ್ ಲೀ ಮತ್ತು ಸಂಗಡಿಗರು 2020ರಲ್ಲಿ ಹೊರತಂದ ಲೆಕ್ಕ ನೋಡಿ. 2018ರ ಹೊತ್ತಿಗೆ ವಿಮಾನಗಳು ಅಲ್ಲಿಯವರೆಗೆ ಬಿಟ್ಟ ಇಂಗಾಲದ ಡೈಆಕ್ಸೈಡಿನ ಪರಿಣಾಮ ಪ್ರತಿ ಚದರ ಮೀಟರಿಗೆ ಸುಮಾರು 34 ಮಿಲಿವ್ಯಾಟ್. ಈ ಬಿಳಿ ಗೆರೆಗಳದ್ದು ಸುಮಾರು 57. ಆದರೆ ಆ 57 ಗಟ್ಟಿ ಸಂಖ್ಯೆ ಅಲ್ಲ, 17ರಿಂದ 98ರವರೆಗೆ ಎಲ್ಲಿ ಬೇಕಾದರೂ ಇರಬಹುದು ಅಂತ ಅವರೇ ಪಕ್ಕದಲ್ಲಿ ಬರೆದಿದ್ದಾರೆ. ಒಟ್ಟಾರೆ ವಿಮಾನಯಾನದ ಬಿಸಿಯಲ್ಲಿ ಡೈಆಕ್ಸೈಡಿನ ಪಾಲು ಮೂರರಲ್ಲೊಂದು, ಉಳಿದ ಮೂರರಲ್ಲೆರಡು ಬೇರೆಯವುಗಳದ್ದು ಅನ್ನುವುದು ಅವರ ಅಂದಾಜು.

"ನೋಡಿ, 17 ಅಂತಾರೆ, 98 ಅಂತಾರೆ, ಅವರಿಗೇ ಗೊತ್ತಿಲ್ಲ!" ಅಂತ ಕುಣಿಯುವವರು ಇಲ್ಲೇ ಕುಣಿಯುವುದು. ಸ್ವಲ್ಪ ನಿಲ್ಲಿ. ಅತಿ ಕಡಿಮೆ ಅಂದಾಜೂ 17. ಸೊನ್ನೆ ಅಲ್ಲ.

ಡೇಟಾಬೇಸಿನಲ್ಲಿ ನಲ್ ಬೇರೆ, ಸೊನ್ನೆ ಬೇರೆ. ಇದನ್ನು ನಿನ್ನೆ ಸೇರಿದ ಫ್ರೆಶರ್‌ಗೂ ಹೇಳಿಕೊಡ್ತೀವಿ. ಗಿರಾಕಿಗೆ ಹಳೇ ಸಾಲ ಎಷ್ಟಿದೆ ಅಂತ ಗೊತ್ತಿಲ್ಲದಿದ್ದರೆ ಆ ಕಾಲಂನಲ್ಲಿ ಸೊನ್ನೆ ತುಂಬಿಸಿ ಹೊಸ ಸಾಲ ಮಂಜೂರು ಮಾಡುವ ಕೋಡ್ ಬರೆದವನನ್ನು ರಿವ್ಯೂನಲ್ಲೇ ಹಿಡಿದು ಜಾಡಿಸ್ತೀವಿ. ಆದರೆ ಜಗತ್ತಿನ ವಿಮಾನೋದ್ಯಮ ಇದೇ ಕೋಡನ್ನು ದಶಕಗಳಿಂದ ಓಡಿಸುತ್ತಿದೆ, ರಿವ್ಯೂ ಮಾಡೋರಿಲ್ಲ.

ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ ವಿಮಾನಗಳ ಬಗ್ಗೆಯೇ ವಿಶೇಷ ವರದಿ ಕೊಟ್ಟಿದ್ದು 1999ರಲ್ಲಿ. ಈ ಗೆರೆಗಳ ಲೆಕ್ಕ ಅದರಲ್ಲಿ ಇತ್ತು. 2016ರಲ್ಲಿ ದೇಶಗಳೆಲ್ಲ ಕೂತು ಒಪ್ಪಿಕೊಂಡ ಕೋರ್ಸಿಯಾ ಯೋಜನೆ ಎಣಿಸುವುದು ಡೈಆಕ್ಸೈಡ್ ಮಾತ್ರ. ಗೂಗಲ್ ತನ್ನ ವಿಮಾನ ಹುಡುಕಾಟದಲ್ಲಿ ಪ್ರಯಾಣಕ್ಕೆಷ್ಟು ಮಾಲಿನ್ಯ ಅಂತ ತೋರಿಸುತ್ತಲ್ಲ, ಆ ಲೆಕ್ಕದಿಂದ 2022ರಲ್ಲಿ ಡೈಆಕ್ಸೈಡ್ ಬಿಟ್ಟು ಉಳಿದದ್ದನ್ನೆಲ್ಲ ತೆಗೆದುಹಾಕಿತು. ಬಿಬಿಸಿ ಅದನ್ನು ಸುದ್ದಿ ಮಾಡಿತು. ಒಂದೊಂದು ವಿಮಾನಕ್ಕೆ ಎಷ್ಟು ಅಂತ ಖಚಿತವಿಲ್ಲ ಅನ್ನುವುದು ಕಾರಣ. ಗೊತ್ತಿಲ್ಲ, ಆದ್ದರಿಂದ ಸೊನ್ನೆ.

ಯುರೋಪಿಯನ್ ಒಕ್ಕೂಟ 2025ರ ಜನವರಿಯಿಂದ ಈ ಪರಿಣಾಮಗಳ ಲೆಕ್ಕ ಕೊಡಿ ಅಂದಾಗ ವಿಮಾನ ಕಂಪನಿಗಳ ಸಂಘ ಐಎಟಿಎ ತೆಗೆದದ್ದೂ ಇದೇ ರಾಗ: ವಿಜ್ಞಾನ ಇನ್ನೂ ಪಕ್ಕಾ ಆಗಿಲ್ಲ, ಕಡ್ಡಾಯ ಬೇಡ, ಇಷ್ಟವಿದ್ದವರು ಕೊಡಲಿ. ಕೊನೆಗೆ ಮೊದಲ ಎರಡು ವರ್ಷ ಕಡ್ಡಾಯ ಆಗಿದ್ದು ಯುರೋಪಿನೊಳಗಿನ ಹಾರಾಟಗಳಿಗೆ ಮಾತ್ರ. ದೂರದ, ದೊಡ್ಡ ವಿಮಾನಗಳಿಗೆ ವಿನಾಯಿತಿ.

ಇನ್ನೂ ಚಂದದ ವಿಷಯ ಕೇಳಿ. ಲೆಕ್ಕ ಯಾಕೆ ಪಕ್ಕಾ ಆಗ್ತಿಲ್ಲ? ಮುಖ್ಯ ಕಾರಣಗಳಲ್ಲೊಂದು, ಆ ಎತ್ತರದಲ್ಲಿ ಗಾಳಿಯ ತೇವ ಎಷ್ಟಿದೆ ಅನ್ನುವ ಅಳತೆಯ ಕೊರತೆ. ಅಲ್ಲಿ ದಿನಾ ಹಾರುವವರು ಯಾರು? ಇದೇ ಕಂಪನಿಗಳು. ಆದರೆ ಬಹುತೇಕ ವಿಮಾನಗಳಲ್ಲಿ ಆ ತೇವ ಅಳೆಯುವ ಸಾಧನವೇ ಇಲ್ಲ. ಮೀಟರ್ ಹಾಕಿಸದವನೇ ಬಂದು "ಎಷ್ಟು ಯೂನಿಟ್ ಅಂತ ಗೊತ್ತಿಲ್ಲ, ಬಿಲ್ ಹೇಗೆ ಕಟ್ಟಲಿ?" ಅಂದ್ರೆ ನಮ್ಮ ಬೆಸ್ಕಾಂನವರು ಬಿಡ್ತಾರಾ?

ಹಾಗಾದರೆ ಆ ಗುತ್ತಿಗೆಯ ಸಂಶೋಧಕ ಮಾಡೋದೇನು? ವಿಮಾನ ಎಲ್ಲಿ ಹಾರಿತು, ಅಲ್ಲಿ ಹವೆ ಹೇಗಿತ್ತು, ಎಂಜಿನ್ ಎಷ್ಟು ಮಸಿ ಬಿಟ್ಟಿತು ಅಂತ ಒಟ್ಟು ಸೇರಿಸಿ 'ಗೊತ್ತಿಲ್ಲ' ಅನ್ನೋ ಕಾಲಂನಲ್ಲಿ ಒಂದು ಸಂಖ್ಯೆ, ಅದರ ಪಕ್ಕ 'ಇಷ್ಟು ಹೆಚ್ಚು ಕಮ್ಮಿ ಆಗಬಹುದು' ಅನ್ನೋ ಟಿಪ್ಪಣಿ ಬರೆಯುತ್ತಾನೆ. ಹೀಗೆ ಎಣಿಸಿದ್ದರಿಂದಲೇ 2020ರಲ್ಲಿ ಇಂಪೀರಿಯಲ್‌ನವರಿಗೆ ಜಪಾನಿನ ಆಕಾಶದಲ್ಲಿ ಒಂದು ಸತ್ಯ ಸಿಕ್ಕಿತು: ಗೆರೆಗಳ ಬಿಸಿಯಲ್ಲಿ 80% ಬರುತ್ತಿದ್ದುದು ಬರೀ 2.2% ಹಾರಾಟಗಳಿಂದ. ಅಂದ್ರೆ ಎಲ್ಲ ವಿಮಾನ ನಿಲ್ಲಿಸಬೇಕಿಲ್ಲ. ಕೆಲವನ್ನು ಸ್ವಲ್ಪ ಮೇಲೆ ಕೆಳಗೆ ಹಾರಿಸಿದರೆ ದೊಡ್ಡ ಪಾಲು ತಪ್ಪುತ್ತೆ. 2023ರಲ್ಲಿ ಅಮೆರಿಕನ್ ಏರ್‌ಲೈನ್ಸ್ 70 ಹಾರಾಟಗಳಲ್ಲಿ ಪರೀಕ್ಷೆ ಮಾಡಿತು. ಗೆರೆ 54% ಕಡಿಮೆಯಾಯಿತು, ಎತ್ತರ ಬದಲಿಸಿದ ವಿಮಾನಗಳಿಗೆ ಇಂಧನ 2% ಜಾಸ್ತಿ ಬೇಕಾಯಿತು. ಆ ಪರೀಕ್ಷೆಗೆ ಮುನ್ಸೂಚನೆ ಕೊಟ್ಟವರಲ್ಲಿ ಒಬ್ಬರು ಅದೇ ಗೂಗಲ್! ಎತ್ತರ ಬದಲಿಸೋಕೆ ಸಾಕಾದ ವಿಜ್ಞಾನ ಟಿಕೆಟ್ ಪಕ್ಕ ಒಂದು ಸಾಲು ಬರೆಯೋಕೆ ಆಗ ಸಾಲದೇ ಹೋಯಿತಾ?

"ಅದು ಪಶ್ಚಿಮದವರ ಪಾಪ, ಭಾರತದ ತಲಾವಾರು ಮಾಲಿನ್ಯ ಎಷ್ಟು ಕಡಿಮೆ ಗೊತ್ತಾ?" ಅನ್ನುವವರಿದ್ದಾರೆ. ಕಡಿಮೆ ನಿಜ. ಆ ಸರಾಸರಿಯನ್ನು ಕೆಳಗೆ ಹಿಡಿದಿರುವವರು ಯಾರು? ವಿಮಾನವನ್ನು ಕತ್ತೆತ್ತಿ ನೋಡಿದ್ದು ಬಿಟ್ಟರೆ ಹತ್ತಿಯೇ ಇಲ್ಲದ ನಮ್ಮೂರಿನಂಥ ಊರುಗಳ ಜನ. 2018ರಲ್ಲಿ ವಿಮಾನ ಹತ್ತಿದವರು ಜಗತ್ತಿನ ಸುಮಾರು 11% ಮಂದಿ, ಪ್ರಯಾಣಿಕ ವಿಮಾನಗಳ ಡೈಆಕ್ಸೈಡಿನಲ್ಲಿ ಅರ್ಧದಷ್ಟಕ್ಕೆ ಕಾರಣ ಬರೀ 1% ಅಂತ ಒಂದು ಅಧ್ಯಯನ ಅಂದಾಜಿಸಿದೆ. ವೀಕೆಂಡಿಗೆ ಗೋವಾ, ವರ್ಷಕ್ಕೆರಡು ಆನ್‌ಸೈಟ್ ಹಾರುವ ನಾವು ಊರಿನವರ ಸರಾಸರಿ ತೋರಿಸಿ ರಿಯಾಯಿತಿ ಕೇಳುವುದು, ಅವರ ಬಿಪಿಎಲ್ ಕಾರ್ಡ್ ತಗೊಂಡು ಹೋಗಿ ನಾವು ಅಕ್ಕಿ ತಂದ ಹಾಗೆ. ಮಳೆ ಕೈಕೊಟ್ಟರೆ ಏಟು ಬೀಳುವುದು ಮಾತ್ರ ಅವರಿಗೆ. ಬೆಳೆ ಎಷ್ಟು ಬರುತ್ತೆ ಅಂತ ನಿಖರವಾಗಿ ಗೊತ್ತಾದ ಮೇಲೆ ಬಿತ್ತುತ್ತೇನೆ ಅನ್ನುವ ಸೌಕರ್ಯ ಅವರಿಗೆ ಯಾವತ್ತೂ ಇರಲಿಲ್ಲ.

2023ರಲ್ಲಿ ಇಂಡಿಗೋ 500, ಏರ್ ಇಂಡಿಯಾ 470 ವಿಮಾನಗಳಿಗೆ ಆರ್ಡರ್ ಕೊಟ್ಟವು. ಅವು ಹಾರುವ ಉಷ್ಣವಲಯದ ಆಕಾಶ ಯುರೋಪಿನದಲ್ಲ. ಗೆರೆಗಳ ಪರಿಣಾಮ ಇಲ್ಲಿ ಕಮ್ಮಿಯೂ ಇರಬಹುದು. ಆದರೆ ಕಮ್ಮಿ ಅಂತ ಹೇಳೋಕೂ ಎಣಿಸಬೇಕಲ್ಲ? ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಏರೋಸ್ಪೇಸ್ ವಿಭಾಗ ಇದೆ, ದಿವೇಚಾ ಹವಾಮಾನ ಕೇಂದ್ರ ಇದೆ, ಎನ್‌ಎಎಲ್ ಇದೆ. ಇಂಥ ಹುದ್ದೆಗಳು ಇಲ್ಲಿ ಸಾಲು ಸಾಲಾಗಿ ಹುಟ್ಟಬೇಕು, ಎರಡು ವರ್ಷದ ಗುತ್ತಿಗೆಯಾಗಿ ಅಲ್ಲ, ಕಾಯಂ ಆಗಿ. ಅದಕ್ಕೆ ದುಡ್ಡು ವಿಮಾನ ಕಂಪನಿಗಳ ಮೇಲಿನ ಶುಲ್ಕದಿಂದ ಬರಲಿ. ಅದೇ ಕಂಪನಿಗಳು ತೇವ ಅಳೆಯುವ ಸಾಧನವನ್ನೂ ಹಾಕಿಸಲಿ.

ನಾವು ಕೋಡ್ ಬರೆಯುವವರು ಅಲ್ಲಿಯವರೆಗೆ ಕಾಯಬೇಕಿಲ್ಲ. ಗೆರೆಗಳನ್ನು ಲೆಕ್ಕ ಹಾಕುವ ಪೈಕಾಂಟ್ರೇಲ್ಸ್ ಓಪನ್ ಸೋರ್ಸ್, ಪೈಥಾನ್ ಬಂದರೆ ಸಾಕು. ನಿಮ್ಮ ಆಫೀಸು ಪ್ರತಿ ವರ್ಷ ಮುಖಪುಟದಲ್ಲಿ ಹಸಿರು ಎಲೆ ಹಾಕಿ ಒಂದು ಸುಸ್ಥಿರತಾ ವರದಿ ಕಳಿಸುತ್ತಲ್ಲ, ಅದರಲ್ಲಿ ವಿಮಾನ ಪ್ರಯಾಣದ ಸಾಲನ್ನು ಹುಡುಕಿ. ಡೈಆಕ್ಸೈಡ್ ಮಾತ್ರ ಇದ್ದರೆ, ಉಳಿದದ್ದಕ್ಕೆ ಯಾಕೆ ಸೊನ್ನೆ ಹಾಕಿದ್ದೀರಿ ಅಂತ ಒಂದು ಮೇಲ್ ಹಾಕಿ. "ಗೊತ್ತಿಲ್ಲ" ಅಂತ ಉತ್ತರ ಬಂದರೆ, ಗೊತ್ತಿಲ್ಲ ಅಂತಲೇ ಅಚ್ಚು ಹಾಕಿ ಅನ್ನಿ.