ಗ್ರಂಥಾಲಯದ ವಿದ್ಯಾರ್ಥಿ ಸಹಾಯಕರು: ಶಿಸ್ತಿನ ಜೊತೆಗೆ ಕರಾರೂ ಬೇಕು

ಕಲ್ಲೋಳಿ: ಕಾಲೇಜು ಗ್ರಂಥಾಲಯದ ಕೌಂಟರಿನಲ್ಲಿ ಪುಸ್ತಕ ಕೊಡುವ, ಮರಳಿ ಬಂದ ಪುಸ್ತಕಗಳನ್ನು ಕಪಾಟಿಗೆ ಸೇರಿಸುವ ವಿದ್ಯಾರ್ಥಿ ಸಹಾಯಕರನ್ನು ನೌಕರರೆಂದು ಪರಿಗಣಿಸಬೇಕೇ ಅಥವಾ ಬಿಡುವಿನ ವೇಳೆಯಲ್ಲಿ ಸೇವೆ ಸಲ್ಲಿಸುವ ವಿದ್ಯಾರ್ಥಿಗಳೆಂದೇ? ಈ ಪ್ರಶ್ನೆಗೆ ಉತ್ತರ ಸ್ಪಷ್ಟವಾಗದ ಹೊರತು ಅವರಿಂದ ಎಷ್ಟನ್ನು ನಿರೀಕ್ಷಿಸಬಹುದು ಎಂಬುದೂ ಸ್ಪಷ್ಟವಾಗದು. ವೇಳೆಗೆ ಸರಿಯಾಗಿ ಬರಬೇಕು, ಮೊಬೈಲ್ ನೋಡುತ್ತ ಕೂರಬಾರದು, ಗೆಳೆಯರಿಗೆ ರಿಯಾಯಿತಿ ತೋರಬಾರದು ಎಂಬ ನಿಯಮಗಳು ಒಪ್ಪತಕ್ಕವೇ. ಆದರೆ ನಿಯಮ ಹೇಳುವ ಸಂಸ್ಥೆ ತನ್ನ ಪಾಲಿನ ಹೊಣೆಯನ್ನೂ ಕಾಗದದ ಮೇಲೆ ಬರೆದುಕೊಡಬೇಕಲ್ಲವೇ?

ಹಿಂದೆ ಗೋಕಾಕ ತಾಲ್ಲೂಕಿಗೆ ಸೇರಿ, ಈಗ ಮೂಡಲಗಿ ತಾಲ್ಲೂಕಿನಲ್ಲಿರುವ ಕಲ್ಲೋಳಿ ಕಬ್ಬು ಬೆಳೆಯುವ ಸೀಮೆಯ ಊರು. ಬೆಳಗಾವಿ ಜಿಲ್ಲೆಯ ಈ ಭಾಗದ ಪದವಿ ಕಾಲೇಜುಗಳು 2010ರಲ್ಲಿ ಸ್ಥಾಪನೆಯಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಒಳಪಟ್ಟಿವೆ. ವಿದ್ಯಾರ್ಥಿಗಳಲ್ಲಿ ಅನೇಕರು ಸುತ್ತಲಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರು. ಕಬ್ಬು ಕಟಾವಿನ ಕಾಲದಲ್ಲಿ ಮನೆಯ ಹೊಲಕ್ಕೂ ಬೇಕಾದವರು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ವಿದ್ಯಾರ್ಥಿನಿಯರಿಗೆ ಬಸ್ಸಿನ ಖರ್ಚು ತಪ್ಪಿತು ನಿಜ. ಸಂಜೆಯ ಕೊನೆಯ ಬಸ್ಸಿನ ವೇಳೆ ಮಾತ್ರ ಗ್ರಂಥಾಲಯ ಮುಚ್ಚುವ ವೇಳೆಯನ್ನು ಕಾಯುವುದಿಲ್ಲ. ಇಂಥ ಕಡೆ ಗ್ರಂಥಾಲಯದ ಕೆಲಸದಿಂದ ಬರುವ ಅಲ್ಪ ಹಣವೂ ಪರೀಕ್ಷಾ ಶುಲ್ಕಕ್ಕೆ ಆಸರೆಯಾಗಬಲ್ಲದು. ಆದುದರಿಂದಲೇ ಕೆಲಸದ ಷರತ್ತುಗಳು ಅಸ್ಪಷ್ಟವಾಗಿದ್ದರೂ ಪ್ರಶ್ನಿಸಲು ವಿದ್ಯಾರ್ಥಿ ಹಿಂಜರಿಯುತ್ತಾನೆ.

ಕೆಲಸ ಹಗುರವಲ್ಲ

ಈ ಕೆಲಸವನ್ನು ಸುಲಭವೆಂದು ಭಾವಿಸುವುದು ತಪ್ಪು. ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಇದರಲ್ಲಿ ಒಂದು ಅಂಕಿ ತಪ್ಪಿ ಓದಿ ಪುಸ್ತಕವನ್ನು ಬೇರೆ ಸಾಲಿನಲ್ಲಿಟ್ಟರೆ, ದಾಖಲೆಯಲ್ಲಿ ಇರುವ ಪುಸ್ತಕ ಓದುಗನ ಪಾಲಿಗೆ ಇಲ್ಲವಾಗುತ್ತದೆ. ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಒಂದು ಓದುಗನ ಸಮಯದ ಉಳಿತಾಯಕ್ಕೇ ಮೀಸಲಾಗಿದೆ. ಆ ಸೂತ್ರ ಜಾರಿಗೆ ಬರುವುದು ಕಪಾಟಿನ ಮುಂದೆ ನಿಂತ ಈ ಸಹಾಯಕರ ಕೈಯಲ್ಲಿ. ಆದ್ದರಿಂದ ಮೊದಲ ವಾರ ತರಬೇತಿ ಕೊಡದೆ ನಂತರ ತಪ್ಪಿಗೆ ಗದರಿಸುವುದು ನ್ಯಾಯವಲ್ಲ.

ಎರಡನೆಯದು ಗೋಪ್ಯತೆ. ಗಣಕೀಕೃತ ಗ್ರಂಥಾಲಯದಲ್ಲಿ ಯಾರು ಯಾವ ಪುಸ್ತಕ ಒಯ್ದರು, ಅವರ ಫೋನ್ ಸಂಖ್ಯೆ ಯಾವುದು ಎಂಬುದೆಲ್ಲ ಪರದೆಯ ಮೇಲೆ ಕಾಣುತ್ತದೆ. ಸಂಸತ್ತು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿದ ಮೇಲೆ ಇದು ಕೇವಲ ಸಭ್ಯತೆಯ ವಿಷಯವಾಗಿ ಉಳಿದಿಲ್ಲ. ಸಹಪಾಠಿಯ ವಿವರವನ್ನು ಇನ್ನೊಬ್ಬರಿಗೆ ಹೇಳಬಾರದೆಂದು ಸಹಾಯಕರಿಗೆ ತಿಳಿಸಬೇಕು. ಗ್ರಂಥಪಾಲಕರ ಪಾಸ್‌ವರ್ಡನ್ನೇ ಅವರಿಗೆ ಒಪ್ಪಿಸಿಬಿಡುವ ರೂಢಿಯನ್ನೂ ಕೈಬಿಡಬೇಕು.

ಹಳೆಯ ಪರಂಪರೆ

ದುಡಿಯುತ್ತ ಓದುವ ಪದ್ಧತಿ ಗಡಿ ಜಿಲ್ಲೆಗೆ ಹೊಸತಲ್ಲ. ನೆರೆಯ ಮಹಾರಾಷ್ಟ್ರದಲ್ಲಿ ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. 1947ರಲ್ಲಿ ಸಾತಾರಾದಲ್ಲಿ ಆರಂಭವಾದ ಛತ್ರಪತಿ ಶಿವಾಜಿ ಕಾಲೇಜು ಗಳಿಸುತ್ತ ಕಲಿಯುವ ತತ್ತ್ವದ ಮೇಲೆಯೇ ನಿಂತಿತು. ಪುಣೆ ವಿಶ್ವವಿದ್ಯಾಲಯದ ಗಳಿಕೆ–ಕಲಿಕೆ ಯೋಜನೆಗೆ ಅವರ ಹೆಸರನ್ನೇ ಇಡಲಾಗಿದೆ. ಅಲ್ಲಿ ದುಡಿಮೆ ಶಿಕ್ಷಣಕ್ಕೆ ದಾರಿಯಾಗಿತ್ತೇ ಹೊರತು ಸಿಬ್ಬಂದಿಯ ಕೊರತೆಗೆ ತೇಪೆಯಾಗಿರಲಿಲ್ಲ. ಅಮೆರಿಕದಲ್ಲಿ 1964ರ ಕಾಯ್ದೆಯಿಂದ ಹುಟ್ಟಿದ ದುಡಿಮೆ–ವ್ಯಾಸಂಗ ಯೋಜನೆಯಲ್ಲಿ ವಿದ್ಯಾರ್ಥಿಗೆ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ.

ನಮ್ಮಲ್ಲೂ ರಾಷ್ಟ್ರೀಯ ಶಿಕ್ಷಣ ನೀತಿ 2020ರ ಬಳಿಕ, ಹಿಂದುಳಿದ ಹಿನ್ನೆಲೆಯ ವಿದ್ಯಾರ್ಥಿಗಳಿಗಾಗಿ ಯುಜಿಸಿ ರೂಪಿಸಿದ ಮಾರ್ಗಸೂಚಿಯಲ್ಲಿ ಗ್ರಂಥಾಲಯದ ಕೆಲಸವನ್ನು ಹೆಸರಿಸಲಾಗಿದೆ. ವಾರಕ್ಕೆ ಗರಿಷ್ಠ 20 ಗಂಟೆ, ತರಗತಿಯ ವೇಳೆಯ ಹೊರಗೆ, ಗಂಟೆಯ ಲೆಕ್ಕದಲ್ಲಿ ಸಂಭಾವನೆ ಎಂಬುದು ಅದರ ಸಾರ. ಆದರೆ ಮಾರ್ಗಸೂಚಿ ಆದೇಶವಲ್ಲ. ಹಣ ಯಾವ ಬಾಬಿನಿಂದ ಬರಬೇಕು ಎಂಬ ಪ್ರಶ್ನೆಯನ್ನು ಕೊನೆಗೆ ಆಯಾ ಕಾಲೇಜೇ ಬಿಡಿಸಿಕೊಳ್ಳಬೇಕು.

ಕಾನೂನಿನ ನಡುವಣ ತೆರಪು

1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಕಾರ್ಮಿಕನಲ್ಲ, ತರಬೇತಿ ಪಡೆಯುವವನು. ಆದರೂ ಆತನಿಗೆ ಕರಾರು ಪತ್ರವಿದೆ, ಸ್ಟೈಪೆಂಡ್ ಇದೆ. ಗ್ರಂಥಾಲಯದ ವಿದ್ಯಾರ್ಥಿ ಸಹಾಯಕನಿಗೆ ಬಾಯಿಮಾತಿನ ಒಪ್ಪಂದವಷ್ಟೇ ಇದ್ದರೆ ಎರಡೂ ಇಲ್ಲ. ಒಂದು ಕಾಯ್ದೆ ಮಾತ್ರ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯು ವೇತನ ಪಡೆಯುವವರನ್ನೂ, ವೇತನವಿಲ್ಲದೆ ಸ್ವಯಂಸೇವೆ ಮಾಡುವವರನ್ನೂ, ತರಬೇತಿಯಲ್ಲಿರುವವರನ್ನೂ ಉದ್ಯೋಗಿಗಳೆಂದೇ ಪರಿಗಣಿಸುತ್ತದೆ. ಸಂಜೆ ಕಪಾಟುಗಳ ನಡುವೆ ಒಬ್ಬಳೇ ಕೆಲಸ ಮಾಡುವ ವಿದ್ಯಾರ್ಥಿನಿಗೆ ದೂರು ಸಮಿತಿಯ ವಿವರ ತಿಳಿದಿರಬೇಕಾದುದು ಆಕೆಯ ಹಕ್ಕು.

ಅತ್ಯಂತ ಸೂಕ್ಷ್ಮವಾದುದು ಕಳೆದ ಪುಸ್ತಕದ ಪ್ರಶ್ನೆ. ವಾರ್ಷಿಕ ಪರಿಶೀಲನೆಯಲ್ಲಿ ಲೆಕ್ಕಕ್ಕೆ ಸಿಗದ ಪುಸ್ತಕದ ಬೆಲೆಯನ್ನು ಕೌಂಟರಿನಲ್ಲಿದ್ದ ವಿದ್ಯಾರ್ಥಿಯ ಸಂಭಾವನೆಯಿಂದ ಮುರಿದುಕೊಂಡರೆ, ಸಂಪಾದನೆಯ ಕೆಲಸ ಸಾಲದ ಕೆಲಸವಾಗುತ್ತದೆ. ದಾಸ್ತಾನಿನ ಹೊಣೆ ಗ್ರಂಥಪಾಲಕರದು ಮತ್ತು ಆಡಳಿತದ್ದು. ಬೀಗದ ಕೈ ವಿದ್ಯಾರ್ಥಿಯ ಕೈಗೆ ಬಂದ ಮಾತ್ರಕ್ಕೆ ಆ ಹೊಣೆ ವರ್ಗಾವಣೆಯಾಗದು.

ಆಡಳಿತ ಮಂಡಳಿಗಳ ಕಷ್ಟವೂ ಸುಳ್ಳಲ್ಲ. ಅನುದಾನಿತ ಕಾಲೇಜುಗಳಲ್ಲಿ ನಿವೃತ್ತರ ಬೋಧಕೇತರ ಹುದ್ದೆಗಳು ಭರ್ತಿಯಾಗದೆ ಉಳಿಯುತ್ತಿರುವುದು ಹಳೆಯ ಸಮಸ್ಯೆ. ಆದರೆ ಖಾಲಿ ಹುದ್ದೆಯ ಪೂರ್ತಿ ಭಾರವನ್ನು ಹತ್ತೊಂಬತ್ತರ ಹರೆಯದವರ ಹೆಗಲಿಗೆ ಹೊರಿಸಿದರೆ, ಸರ್ಕಾರದ ಮುಂದೆ ಹುದ್ದೆಯ ಬೇಡಿಕೆಯೇ ದುರ್ಬಲವಾಗುತ್ತದೆ. ತರಗತಿ ತಪ್ಪಿಸಿ ಕೌಂಟರಿನಲ್ಲಿ ಕುಳಿತವನಿಗೆ ಶೇ. 75ರ ಹಾಜರಾತಿ ಕೊರತೆಯಾದಾಗ ಉತ್ತರ ಹೇಳುವವರಾರು?

ಪರಿಹಾರಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಒಂದು ಪುಟದ ಕರಾರು ಸಾಕು. ಕೆಲಸದ ಗಂಟೆಗಳು, ಗಂಟೆಗೆ ಸಲ್ಲುವ ಹಣ, ಪಾವತಿಯ ದಿನಾಂಕ, ಪರೀಕ್ಷೆಯ ಕಾಲದ ರಜೆ, ಕೊನೆಯ ಬಸ್ಸಿಗೆ ಮುನ್ನ ಬಿಡುಗಡೆ, ಕಳೆದ ಪುಸ್ತಕದ ಹೊಣೆ, ಕೊನೆಯಲ್ಲಿ ಅನುಭವ ಪತ್ರ – ಇಷ್ಟನ್ನು ಕನ್ನಡದಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ, ಶಿಸ್ತನ್ನು ಕೇಳುವ ಅಧಿಕಾರ ಕಾಲೇಜಿಗೂ ತಾನಾಗಿ ಬರುತ್ತದೆ. ಕಲ್ಲೋಳಿಯಂಥ ಊರಿನ ಬಹುತೇಕ ವಿದ್ಯಾರ್ಥಿಗಳಿಗೆ ಹೊಲದ ಆಚೆಗಿನ ಮೊದಲ ಉದ್ಯೋಗ ಇದೇ ಆಗಿರಬಹುದು. ದುಡಿಮೆಗೆ ಲೆಕ್ಕವಿದೆ ಎಂಬ ಪಾಠವನ್ನು ಅವರು ಅಲ್ಲಿಂದಲೇ ಕಲಿತು ಹೊರಬರಲಿ.